ಹಳೇ ಕುಲುಮೆ ಮನೆಯಾಗಬೇಕಾದರೆ ಮೊದಲು ಗೋಡೆ ಒಣಗಬೇಕು

ಇಟಲಿಯ ನಕ್ಷೆ ಬೂಟಿನ ಹಾಗಿದೆ ಅಲ್ವಾ, ಅದರ ಹಿಮ್ಮಡಿಯಲ್ಲಿದೆ ಲೆಚ್ಚೆ ಊರು. ಅಲ್ಲಿನ ಹಳೇ ಕುಲುಮೆಯನ್ನೋ ಬಡಗಿಯ ಕೆಲಸದ ಮನೆಯನ್ನೋ ಕೊಂಡು ವಾಸಕ್ಕೆ ಸಜ್ಜು ಮಾಡುವವರು ಎಡವುವುದು ಒಂದೇ ಕಡೆ, ಗೋಡೆಯ ಬುಡದಲ್ಲಿ.

ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಪರಂಪರೆ ಇಲಾಖೆಯ ಲಿಖಿತ ಅನುಮತಿ ಮೊದಲು. ಕಲ್ಲಿನ ಕಮಾನು ಚಾವಣಿಯ ಕೆಳಗೆ ಗೋಡೆಯಿಂದ ಗೋಡೆಗೆ ಕಬ್ಬಿಣದ ಸರಳು ಹೋಗಿದ್ದರೆ, ಚೆನ್ನಾಗಿ ಕಾಣಲ್ಲ ಅಂತ ಕತ್ತರಿಸಬೇಡಿ. ಕಮಾನಿನ ಭಾರಕ್ಕೆ ಗೋಡೆ ಹೊರಗೆ ವಾಲದಂತೆ ಹಿಡಿದಿರುವುದೇ ಅದು.

ಈಗ ಗೋಡೆ. ಲೆಚ್ಚೆಯ ಹಳದಿ ಕಲ್ಲು ಮೆದು ಸುಣ್ಣಕಲ್ಲು, ನೆಲದ ನೀರನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಾರೆಯಿದ್ದಾಗ ಆ ನೀರು ಆರಿಹೋಗುತ್ತಿತ್ತು. ಮೇಲೆ ಸಿಮೆಂಟ್ ಬಳಿದರೆ ಒಳಗೇ ಸಿಕ್ಕಿಕೊಂಡು ಇನ್ನೂ ಮೇಲೇರುತ್ತದೆ, ಉಪ್ಪು ಕಟ್ಟುತ್ತದೆ, ಕಲ್ಲು ಪುಡಿಪುಡಿಯಾಗಿ ಉದುರುತ್ತದೆ. ಹಾಗಾಗಿ ಸಿಮೆಂಟನ್ನು ಉಳಿ, ಸುತ್ತಿಗೆಯಿಂದ ಕೈಯಲ್ಲೇ ಬಿಡಿಸಿ, ತೇವದ ಗೆರೆಗಿಂತ ಅರ್ಧ ಮೀಟರ್ ಮೇಲಿನವರೆಗೂ. ಡ್ರಿಲ್ಲಿಂಗ್ ಮೆಷಿನ್ ಬೇಡವೇ ಬೇಡ, ಕಲ್ಲೇ ಕಿತ್ತು ಬರುತ್ತದೆ. ಸಂದುಗಳನ್ನು ಎರಡು ಸೆಂ.ಮೀ. ಕೆರೆದು, ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಹೊರಗೆ ಎಸೆಯಿರಿ. ನೀರು ಹಾಕಿ ತೊಳೆದರೆ ಅದು ಮತ್ತೆ ಕಲ್ಲಿನೊಳಗೇ ಹೋಗುತ್ತದೆ.

ಆಮೇಲೆ ಕಾಯಬೇಕು. ಗೋಡೆಯ ದಪ್ಪ ಇಂಚಿಗೆ ಒಂದು ತಿಂಗಳು ಎನ್ನುವುದು ಒಂದು ಅಂದಾಜು ಲೆಕ್ಕ. ಈ ಹಂತದಲ್ಲೇ ಜನ ತಾಳ್ಮೆ ಕಳೆದುಕೊಂಡು ವಾಟರ್‌ಪ್ರೂಫ್ ಬಣ್ಣ ತರುತ್ತಾರೆ. ದಯವಿಟ್ಟು ತರಬೇಡಿ, ಅದು ಸಿಮೆಂಟಿನ ತಪ್ಪನ್ನೇ ಇನ್ನೊಮ್ಮೆ ಮಾಡಿದ ಹಾಗೆ.

ಗಿಲಾವಿಗೆ ಒಂದು ಪಾಲು ಸುಣ್ಣ, ಎರಡೂವರೆ ಪಾಲು ಮರಳು. ಚೀಲದ ಮೇಲೆ ಎನ್‌ಎಚ್‌ಎಲ್ 3.5 ಅಂತಿರಲಿ, ಅಂದರೆ ತೇವದಲ್ಲೂ ಗಟ್ಟಿಯಾಗುವ ಒಂದು ಬಗೆಯ ಸಹಜ ಸುಣ್ಣ. ‘ಸುಣ್ಣದ ಮಿಶ್ರಣ’ ಎಂದು ಮಾರುವ ಕೆಲವು ರೆಡಿಮಿಕ್ಸ್‌ಗಳಲ್ಲಿ ಸಿಮೆಂಟ್ ಇರುತ್ತದೆ, ಏನೇನು ಬೆರೆಸಿದ್ದಾರೆ ಅನ್ನುವುದನ್ನು ಓದಿಯೇ ಕೊಳ್ಳಿ. ಬುಡದ ಭಾಗಕ್ಕೆ ಇಟ್ಟಿಗೆ ಪುಡಿ ಸೇರಿಸಿದರೆ ಇನ್ನೂ ಒಳ್ಳೆಯದು. ರೋಮನ್ನರ ಕಾಲದಿಂದಲೂ ಇಟಲಿಯಲ್ಲಿರುವ ಈ ಪದ್ಧತಿಗೆ ಅಲ್ಲಿ ಕೊಚ್ಚೊಪೆಸ್ಟೊ ಅನ್ನುತ್ತಾರೆ, ನಮ್ಮ ಹಳೇ ಮನೆಗಳ ಸುರ್ಕಿ ಗಾರೆಯೂ ಇಂಥದ್ದೇ. ಕಲ್ಲಿಗೆ ನೀರು ಚಿಮುಕಿಸಿ, ಒಂದು ಸಲಕ್ಕೆ ಒಂದು ಸೆಂ.ಮೀ. ಮಾತ್ರ ಮೆತ್ತಿ, ಒದ್ದೆ ಗೋಣಿತಾಟು ಇಳಿಬಿಡಿ. ಬೇಗ ಒಣಗಿದರೆ ಬಿರುಕು ಬಿಡುತ್ತದೆ, ಅದಕ್ಕೇ ಅಲ್ಲಿ ಕಡುಬೇಸಿಗೆಯಾದ ಜುಲೈ, ಆಗಸ್ಟ್‌ನಲ್ಲಿ ಈ ಕೆಲಸ ಬೇಡ.

ನೆಲದ ಹಳೇ ಚಪ್ಪಡಿಗಳಿಗೆ ಚಾಕ್‌ನಲ್ಲಿ ನಂಬರ್ ಬರೆದು ಎಬ್ಬಿಸಿ, ಸುಣ್ಣದ ಹಾಸಿನ ಮೇಲೆ ಮತ್ತೆ ಕೂರಿಸಿ. ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟ್ ಸುರಿದರೆ ನೆಲದ ತೇವವೆಲ್ಲ ಗೋಡೆಗೇ ಹೋಗುತ್ತದೆ. ಕೊನೆಗೆ ಗೋಡೆಗೆ ತೆಳುವಾಗಿ ನಾಲ್ಕೈದು ಸಲ ಸುಣ್ಣ ಬಳಿಯಿರಿ. ಅಡುಗೆಮನೆ ಹೇಗಿರಬೇಕು ಅನ್ನುವುದು ನಿಮ್ಮಿಷ್ಟ, ಕಪಾಟು ಮಾತ್ರ ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ.