ಸ್ಟೀರಿಂಗ್ ರ‍್ಯಾಕ್: ಸುತ್ತು ಎಣಿಸಿ ಖರೀದಿಸಬೇಡಿ, ಸ್ಕೇಲ್ ಹಿಡಿದು ನೋಡಿ

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಚುರುಕಾಗಿ ತಿರುಗಲಿ ಎಂದು ಹಗುರ ಕಾರಿಗೆ ಕ್ವಿಕ್ ರ‍್ಯಾಕ್ (ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೂ ಚಕ್ರವನ್ನು ಹೆಚ್ಚು ತಿರುಗಿಸುವ ಹಲ್ಲಿನ ಸರಳು) ಹುಡುಕುವವರು ಚಿಕ್ಕಮಗಳೂರು ಕಡೆ ಇದ್ದೇ ಇದ್ದಾರೆ. ಗುಜರಿ ಅಂಗಡಿಯಲ್ಲಿ ಪಿನಿಯನ್ (ಆ ಸರಳನ್ನು ಸರಿಸುವ ಹಲ್ಲುಗಾಲಿ) ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ತೋರಿಸಿ, ‘ಎರಡೂವರೆ ಸುತ್ತು ಅಷ್ಟೇ, ಕ್ವಿಕ್ಕೇ’ ಅಂದರೆ ನಂಬಬೇಡಿ. ಸುತ್ತಿಗೆ 44 ಮಿ.ಮೀ. ಸರಿಯುವ ರ‍್ಯಾಕ್ ಒಟ್ಟು 140 ಮಿ.ಮೀ. ಓಡಿದರೆ 3.2 ಸುತ್ತು, ಅದೇ ಹಲ್ಲಿನದು 110ಕ್ಕೇ ನಿಂತರೆ 2.5. ರೇಷಿಯೋದಲ್ಲಿ, ಅಂದರೆ ಸುತ್ತಿಗೆ ಸರಿಯುವ ದೂರದಲ್ಲಿ, ವ್ಯತ್ಯಾಸವೇ ಇಲ್ಲ. ಎರಡನೆಯದರಲ್ಲಿ ಚಕ್ರ ಕಮ್ಮಿ ತಿರುಗುತ್ತದೆ, ಹೇರ್‌ಪಿನ್‌ನಲ್ಲಿ ರಿವರ್ಸ್ ಹಾಕುವ ಗತಿ ಬರುತ್ತದೆ.

ಅಳೆಯಬೇಕಾದ್ದು ಒಂದು ಸುತ್ತಿಗೆ ರ‍್ಯಾಕ್ ಎಷ್ಟು ಮಿ.ಮೀ. ಸರಿಯುತ್ತದೆ ಎಂಬುದನ್ನು. ತುದಿಯ ರಬ್ಬರ್ ಹೊದಿಕೆಯ (ಬೂಟ್) ಕ್ಲಿಪ್ ಬಿಚ್ಚಿ ಅದನ್ನು ಹಿಂದೆ ಸರಿಸಿ. ರ‍್ಯಾಕನ್ನು ಒಂದು ಕೊನೆಗೆ ತಂದು, ಅಲ್ಲಿಂದ ಕಾಲು ಸುತ್ತು ಈಚೆಗೆ ತಿರುಗಿಸಿ ನಿಲ್ಲಿಸಿ. ಹಲ್ಲಿನ ನಡುವಿನ ಪ್ಲೇ (ಸಡಿಲ) ಅಷ್ಟರಲ್ಲಿ ಮುಗಿದಿರುತ್ತದೆ. ಪಿನಿಯನ್ ಶಾಫ್ಟಿಗೂ ಹೌಸಿಂಗಿಗೂ (ಹೊರಕವಚ) ಎದುರುಬದುರು ಮಾರ್ಕರ್ ಗೆರೆ ಹಾಕಿ. ಹೌಸಿಂಗ್ ತುದಿಯಿಂದ ಒಳಗಿನ ಬಾಲ್ ಜಾಯಿಂಟ್ (ಸರಳಿನ ತುದಿಯ ಗುಂಡು ಕೀಲು) ಭುಜದವರೆಗೆ ಸ್ಟೀಲ್ ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. ಅದೇ ದಿಕ್ಕಿನಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ, ಮತ್ತೆ ಅಳೆದು, ವ್ಯತ್ಯಾಸವನ್ನು ಎರಡರಿಂದ ಭಾಗಿಸಿ. ಹಿಂದೆ ಮುಂದೆ ಆಡಿಸಿದರೆ ಲೆಕ್ಕ ಕೆಟ್ಟಿತು, ಮೊದಲಿಂದ ಶುರು ಮಾಡಿ.

ಪ್ರತಿ ಅರ್ಧ ಸುತ್ತಿಗೂ ಒಂದು ಅಳತೆ ತೆಗೆದರೆ ಇನ್ನೂ ಒಳ್ಳೆಯದು. ನಡುವೆ ಒಂದು ಲೆಕ್ಕ, ತುದಿಯಲ್ಲಿ ಇನ್ನೊಂದು ಬಂದರೆ ಅದು ವೇರಿಯಬಲ್ ರ‍್ಯಾಕ್; ಹೋಲಿಸುವಾಗ ನಡುವಿನ ಅಂಕಿಯನ್ನೇ ಹಿಡಿಯಿರಿ.

ಕಾರಿನಲ್ಲೇ ಇರುವ ರ‍್ಯಾಕಾದರೆ ಮುಂಭಾಗವನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸ್ಟೀರಿಂಗ್ ವೀಲ್‌ಗೆ ಟೇಪ್ ಅಂಟಿಸಿ ಇದನ್ನೇ ಮಾಡಬಹುದು. ಇಲ್ಲಿ ಮಾತ್ರ ಪೂರ್ತಿ ಸುತ್ತಿನ ಲೆಕ್ಕವೇ ಇರಲಿ. ಕಾಲಮ್ಮಿನ ಯೂನಿವರ್ಸಲ್ ಜಾಯಿಂಟ್ (ಓರೆಯಾಗಿರುವ ಶಾಫ್ಟುಗಳನ್ನು ಸೇರಿಸುವ ಕೀಲು) ಸುತ್ತಿನ ನಡುನಡುವೆ ಒಮ್ಮೆ ಬೇಗ, ಒಮ್ಮೆ ನಿಧಾನ ತಿರುಗಿ ದಾರಿ ತಪ್ಪಿಸುತ್ತದೆ.

15:1, 18:1 ಎಂದು ಬರೆದಿರುವುದು ಇಡೀ ಕಾರಿನ ಸ್ಟೀರಿಂಗ್ ರೇಷಿಯೋ, ಅಂದರೆ ಚಕ್ರ ಒಂದು ಡಿಗ್ರಿ ತಿರುಗಲು ಸ್ಟೀರಿಂಗ್ ಎಷ್ಟು ಡಿಗ್ರಿ ತಿರುಗಬೇಕು ಎಂಬುದು. ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5ರಲ್ಲಿ ಪವರ್ ಸ್ಟೀರಿಂಗಿಗೆ 15, ಮ್ಯಾನುಯಲ್‌ಗೆ 18. ಇದು ಸ್ಟೀರಿಂಗ್ ಆರ್ಮ್ (ಚಕ್ರವನ್ನು ತಿರುಗಿಸುವ ಮೋಟು ಸರಳು) ಉದ್ದವನ್ನೂ ಅವಲಂಬಿಸಿದೆ: ಆರ್ಮ್ ಉದ್ದವನ್ನು 6.28ರಿಂದ ಗುಣಿಸಿ, ಸುತ್ತಿನ ಮಿ.ಮೀ.ಯಿಂದ ಭಾಗಿಸಿದರೆ ನೇರ ಓಟದ ಆಸುಪಾಸಿನ ರೇಷಿಯೋ ಸಿಗುತ್ತದೆ. ಆರ್ಮ್ 120 ಮಿ.ಮೀ. ಇದ್ದು ರ‍್ಯಾಕ್ 44 ಆದರೆ ಸುಮಾರು 17:1, 56 ಆದರೆ 13.5:1. ಈ ಚುರುಕು ಪುಕ್ಕಟೆ ಬರುವುದಿಲ್ಲ. ಕೈಗೆ ಬೀಳುವ ಭಾರ ಕಾಲುಭಾಗಕ್ಕಿಂತ ತುಸು ಹೆಚ್ಚೇ ಏರುತ್ತದೆ. ಪವರ್ ಇಲ್ಲದ ಕಾರಿಗೆ ಅಗಲ ಟೈರ್ ಹಾಕಿದ್ದರೆ ಪಾರ್ಕಿಂಗ್‌ನಲ್ಲಿ ಭುಜ ಹೇಳುತ್ತದೆ.

ರೇಷಿಯೋ ಸರಿಬಂದ ಮಾತ್ರಕ್ಕೆ ದುಡ್ಡು ಕೊಡಬೇಡಿ. ಎರಡೂ ಒಳ ಬಾಲ್ ಜಾಯಿಂಟ್‌ಗಳ ನಡುವಿನ ಅಂತರವನ್ನು ಹಳೆಯ ರ‍್ಯಾಕ್ ಜೊತೆ ಹೋಲಿಸಿ. ಅದು ಬೇರೆಯಾದರೆ, ಅಥವಾ ರ‍್ಯಾಕ್ ಕೂರುವ ಎತ್ತರ ಬದಲಾದರೆ, ಬಂಪ್ ಸ್ಟಿಯರ್ ಶುರು: ಗುಂಡಿಗೆ ಇಳಿದ ಚಕ್ರ ತಾನಾಗಿ ಪಕ್ಕಕ್ಕೆ ತಿರುಗುತ್ತದೆ. ಪಿನಿಯನ್ ಸ್ಪ್ಲೈನ್ (ಶಾಫ್ಟ್ ತುದಿಯ ಗೀರುಗಳು) ಎಣಿಸಿ, ಅದು ಬಲಗೈ ಡ್ರೈವಿನದೇ ಎಂದೂ ಖಾತ್ರಿ ಮಾಡಿಕೊಳ್ಳಿ. ಬಿಚ್ಚುವ ಮೊದಲು ಸ್ಟೀರಿಂಗನ್ನು ನೇರ ನಿಲ್ಲಿಸಿ ಬಿಗಿಯಾಗಿ ಕಟ್ಟಿ. ಏರ್‌ಬ್ಯಾಗ್ ಇದ್ದು ವೀಲ್ ಸಡಿಲವಾಗಿ ಸುತ್ತಿದರೆ ಒಳಗಿನ ಸ್ಪೈರಲ್ ಕೇಬಲ್ ಹರಿಯುತ್ತದೆ.