ಎಂಡೋಸಲ್ಫಾನ್ ಜಾರಿಹೋದ ಜರಡಿ

ಯುರೋಪಿಗೆ ಸರಕು ಕಳುಹಿಸುವ ರಾಸಾಯನಿಕ ಕಾರ್ಖಾನೆಯೊಂದು ತಾನು ಬಳಸುವ ಮತ್ತು ತಯಾರಿಸುವ ಅರವತ್ತಕ್ಕೂ ಹೆಚ್ಚು ವಸ್ತುಗಳ ಪಟ್ಟಿಯನ್ನು ಕೊಟ್ಟು, ಇವುಗಳಲ್ಲಿ ಪರಿಸರಕ್ಕೂ ಆರೋಗ್ಯಕ್ಕೂ ಅಪಾಯ ತರಬಹುದಾದವು ಯಾವುವೆಂದು ಮೊದಲ ಸುತ್ತಿನಲ್ಲಿ ಬೇರ್ಪಡಿಸಿ ಕೊಡಬೇಕೆಂದು ಕೇಳಿದಾಗ, ನಾನು ಈ ಕೆಲಸಕ್ಕೆ ಹೊಸಬನಾಗಿದ್ದೆ. ಪ್ರತಿಯೊಂದನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಆದ್ದರಿಂದ ಅಣುವಿನ ರಚನೆಯಿಂದಲೇ ಅದರ ಗುಣಗಳನ್ನು ಅಂದಾಜಿಸುವ ಮಾದರಿಗಳನ್ನು ನೆಚ್ಚಿಕೊಂಡೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಉಚಿತವಾಗಿ ನೀಡುವ ಎಪಿ ಸೂಟ್ ಮತ್ತು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) ಕ್ಯೂಸಾರ್ ಟೂಲ್‌ಬಾಕ್ಸ್ ನನ್ನ ಮುಖ್ಯ ಸಾಧನಗಳಾಗಿದ್ದವು.

ಲೆಕ್ಕಕ್ಕಿಂತ ಹೆಚ್ಚು ದಿನ ಹಿಡಿದದ್ದು ರಚನೆಗಳನ್ನು ಶುಚಿಗೊಳಿಸುವ ಕೆಲಸ. ಮಾದರಿಗೆ ಅಣುವನ್ನು ಸ್ಮೈಲ್ಸ್ ಎಂಬ ಅಕ್ಷರಸಾಲಿನ ರೂಪದಲ್ಲಿ ಕೊಡಬೇಕು. ಕಾರ್ಖಾನೆಯ ಪಟ್ಟಿಯಲ್ಲಾದರೋ ವ್ಯಾಪಾರದ ಹೆಸರುಗಳಿದ್ದವು, ರಾಸಾಯನಿಕಗಳನ್ನು ಗುರುತಿಸುವ ಸಿಎಎಸ್ ಸಂಖ್ಯೆಗಳಲ್ಲಿ ಕೆಲವು ತಪ್ಪಾಗಿದ್ದವು, ಒಂದೇ ವಸ್ತು ಆಮ್ಲವಾಗಿಯೂ ಅದರ ಸೋಡಿಯಂ ಲವಣವಾಗಿಯೂ ಎರಡು ಸಾಲುಗಳಲ್ಲಿ ಕುಳಿತಿತ್ತು. ನೀರಿನಲ್ಲಿ ಅಯಾನಾಗುವ ವಸ್ತುಗಳನ್ನೂ ಸಾಬೂನಿನಂತೆ ನೊರೆಗಟ್ಟುವ ವಸ್ತುಗಳನ್ನೂ ನಾನು ಆಗಲೇ ಪ್ರತ್ಯೇಕ ಹಾಳೆಗೆ ಸರಿಸಿದೆ. ಫ್ಲೋರಿನ್ ತುಂಬಿದ ಪಿಎಫ್ಒಎಸ್‌ನಂಥ ವಸ್ತು ಕೊಬ್ಬಿನಲ್ಲಿ ಕರಗುವುದಕ್ಕಿಂತ ಹೆಚ್ಚಾಗಿ ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡು ದೇಹದಲ್ಲಿ ಉಳಿಯುತ್ತದೆ. ಕೊಬ್ಬನ್ನೇ ಆಧಾರವಾಗಿಟ್ಟ ಸೂತ್ರ ಅದರ ಬಗ್ಗೆ ಏನು ಹೇಳಿದರೂ ನಂಬುವಂತಿಲ್ಲ.

ಉಳಿದವುಗಳಿಗೆ ನನ್ನ ಮೊದಲ ಜರಡಿ ಸರಳವಾಗಿತ್ತು. ವಸ್ತು ನೀರಿಗಿಂತ, ಕೊಬ್ಬಿನ ಬದಲಿಗೆ ಬಳಸುವ ದ್ರವವಾದ ಆಕ್ಟನಾಲ್‌ನಲ್ಲಿ ಎಷ್ಟು ಪಟ್ಟು ಹೆಚ್ಚು ಕರಗುತ್ತದೆ ಎಂಬುದರ ಲಾಗರಿದಮ್, ಅಂದರೆ ಲಾಗ್ ಕೆಒಡಬ್ಲ್ಯೂ, 4.5ನ್ನು ಮೀರಿದರೆ ಅದು ಜೀವಿಗಳ ದೇಹದಲ್ಲಿ ಸಂಚಯವಾಗಬಹುದೆಂದು ಐರೋಪ್ಯ ಒಕ್ಕೂಟದ ರೀಚ್ ಎಂಬ ರಾಸಾಯನಿಕ ಕಾನೂನಿನ ಮಾರ್ಗದರ್ಶಿ ಎಚ್ಚರಿಸುತ್ತದೆ. ಮೀನಿನಲ್ಲಿ ಅದರ ಸಾಂದ್ರತೆ ನೀರಿನದಕ್ಕಿಂತ 2,000 ಪಟ್ಟು ಮೀರಿದರೆ ಅದನ್ನು ಜೈವಿಕ ಸಂಚಯಿ ಎಂದೂ, 5,000 ಪಟ್ಟು ಮೀರಿದರೆ ಅತಿ ಸಂಚಯಿ ಎಂದೂ ಕರೆಯುತ್ತಾರೆ. ಜರಡಿ ಸಿದ್ಧವಾದ ಮೇಲೆ, ಪಟ್ಟಿಯಲ್ಲಿಲ್ಲದ ಒಂದು ವಸ್ತುವನ್ನು ಅದಕ್ಕೆ ಹಾಕಿ ನೋಡೋಣವೆನ್ನಿಸಿತು. ದಕ್ಷಿಣ ಕನ್ನಡದವನಾದ ನನಗೆ ಬೇರೆ ಯಾವ ಹೆಸರೂ ಹೊಳೆಯುವಂತಿರಲಿಲ್ಲ. ಕಾಸರಗೋಡಿನಲ್ಲಿಯೂ ಕೊಕ್ಕಡದ ಸುತ್ತಲೂ ಗೇರು ತೋಟಗಳ ಮೇಲೆ ಟೀ ಸೊಳ್ಳೆಯ ನಿವಾರಣೆಗೆಂದು ಹೆಲಿಕಾಪ್ಟರಿನಿಂದ ಸಿಂಪಡಿಸಿದ, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆದ ಎಂಡೋಸಲ್ಫಾನನ್ನೇ ಹಾಕಿದೆ.

ಅದು ಜರಡಿಯಿಂದ ಜಾರಿ ಕೆಳಗೆ ಬಿದ್ದಿತು.

ಹೇಗೆಂದು ಲೆಕ್ಕವನ್ನೇ ಬಿಡಿಸಿ ತೋರಿಸುತ್ತೇನೆ. ಎಂಡೋಸಲ್ಫಾನಿನ ಲಾಗ್ ಕೆಒಡಬ್ಲ್ಯೂ ಎಂದು ಹಳೆಯ ಕೋಷ್ಟಕಗಳಲ್ಲಿ ಸಿಗುವುದು 3.83, ಅನಂತರದ ಮಾಪನಗಳಲ್ಲಿ ಆಲ್ಫಾ ಸಮಾಂಗಿಗೆ (ಅವೇ ಪರಮಾಣುಗಳು ಬೇರೆ ದಿಕ್ಕಿನಲ್ಲಿ ಜೋಡಣೆಯಾದ ಎರಡು ರೂಪಗಳಲ್ಲಿ ಒಂದಕ್ಕೆ) 4.74. ಮೊದಲನೆಯದನ್ನು ಹಿಡಿದರೆ ಅದು 4.5ರ ಗಡಿಯನ್ನೇ ಮುಟ್ಟುವುದಿಲ್ಲ, ಎರಡನೆಯದನ್ನು ಹಿಡಿದರೆ ದಾಟುತ್ತದೆ. ಎಪಿ ಸೂಟಿನ ಸಮೀಕರಣ ಮೀನಿನ ಸಂಚಯದ ಲಾಗರಿದಮ್ಮನ್ನು 0.6598ರಿಂದ ಲಾಗ್ ಕೆಒಡಬ್ಲ್ಯೂ ಗುಣಿಸಿ 0.333 ಕಳೆದು ಪಡೆಯುತ್ತದೆ. ಅದರ ಪ್ರಕಾರ 3.83ಕ್ಕೆ ಸಿಗುವ ಉತ್ತರ ಸುಮಾರು 156 ಪಟ್ಟು, 4.74ಕ್ಕೆ ಸುಮಾರು 620 ಪಟ್ಟು. ಎರಡೂ 2,000ಕ್ಕಿಂತ ಬಹಳ ಕೆಳಗಿವೆ. ಸ್ಟಾಕ್‌ಹೋಮ್ ಒಪ್ಪಂದದ (ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪರಿಶೀಲನಾ ಸಮಿತಿಯ ವರದಿಯಲ್ಲಾದರೋ ಮೀನುಗಳಲ್ಲಿ ಅಳೆದ ಮೌಲ್ಯಗಳು ಸುಮಾರು 1,000ದಿಂದ 3,000ದವರೆಗೆ ಇದ್ದವು. ಸಮಾಂಗಿಗಳ ವಿಷಯದಲ್ಲಿಯೂ ಒಂದು ತೊಡಕಿತ್ತು: ಮಾರುಕಟ್ಟೆಯ ಎಂಡೋಸಲ್ಫಾನಿನಲ್ಲಿ ಆಲ್ಫಾ ಮತ್ತು ಬೀಟಾ ಸುಮಾರು 7:3ರ ಪ್ರಮಾಣದಲ್ಲಿದ್ದರೂ, ಜೋಡಣೆಯ ದಿಕ್ಕನ್ನು ಬರೆಯದ ಸ್ಮೈಲ್ಸ್ ಎರಡನ್ನೂ ಒಂದೇ ಅಣುವೆಂದು ತಿಳಿದು ಒಂದೇ ಸಂಖ್ಯೆಯನ್ನು ಹೊರಹಾಕುತ್ತದೆ.

ಮೀನಿನ ಲೆಕ್ಕ ಸರಿಹೋದರೂ ಸಾಲದು ಎಂಬುದು ತಿಳಿದದ್ದು ಅದಾದ ಮೇಲೆ. ಮೀನು ಕಿವಿರಿನ ಮೂಲಕ ವಸ್ತುವನ್ನು ನೀರಿಗೆ ಬಿಡಬಲ್ಲದು. ದನ, ಕೋಳಿ, ಮನುಷ್ಯ ಉಸಿರಾಡುವುದು ಗಾಳಿಯನ್ನು. ಮೂತ್ರದಲ್ಲಿ ಹೊರಹೋಗುವಷ್ಟು ನೀರಿನಲ್ಲಿ ಕರಗದೆ, ಉಸಿರಿನಲ್ಲಿ ಹೊರಹೋಗುವಷ್ಟು ಆವಿಯೂ ಆಗದೆ ಇರುವ ವಸ್ತು ಬೇಗ ಒಡೆಯದಿದ್ದರೆ ಅವರ ದೇಹದಲ್ಲಿಯೇ ಉಳಿಯುತ್ತದೆ. ಇದನ್ನು ಹಿಡಿಯಲು ಆಕ್ಟನಾಲ್ ಮತ್ತು ಗಾಳಿಯ ನಡುವಿನ ಹಂಚಿಕೆ, ಅಂದರೆ ಲಾಗ್ ಕೆಒಎ, ಬೇಕು. ಲಾಗ್ ಕೆಒಡಬ್ಲ್ಯೂ 2ಕ್ಕಿಂತಲೂ ಲಾಗ್ ಕೆಒಎ 5ಕ್ಕಿಂತಲೂ ಹೆಚ್ಚಿದ್ದರೆ ಎಚ್ಚರ ವಹಿಸಬೇಕೆಂದು ಅದೇ ಐರೋಪ್ಯ ಮಾರ್ಗದರ್ಶಿಯಲ್ಲಿದೆ, ಕೊಕ್ಕರೆಯಂತೆ 4.5ನ್ನೇ ದಿಟ್ಟಿಸುತ್ತಿದ್ದ ನಾನು ಆ ಪುಟವನ್ನು ದಾಟಿ ಹೋಗಿದ್ದೆ. ಎಂಡೋಸಲ್ಫಾನ್ ಈ ಎರಡನೆಯ ಜರಡಿಯಲ್ಲಿ ಸುಲಭವಾಗಿ ಸಿಕ್ಕಿಬಿದ್ದಿತು.

ಅಲ್ಲಿಂದ ಪಟ್ಟಿಯನ್ನು ಮೊದಲಿನಿಂದ ಮತ್ತೆ ಮಾಡಿದೆ. ಪ್ರತಿ ವಸ್ತುವಿಗೂ ಲಾಗ್ ಕೆಒಎಯ ಅಂಕಣವನ್ನು ಸೇರಿಸಿ, ಲಾಗ್ ಕೆಒಡಬ್ಲ್ಯೂವಿಗೆ ಒಂದೇ ಸಂಖ್ಯೆಯ ಬದಲು ಸಿಕ್ಕಷ್ಟೂ ಮೌಲ್ಯಗಳಲ್ಲಿ ಅತಿ ಕಡಿಮೆಯದನ್ನೂ ಅತಿ ಹೆಚ್ಚಿನದನ್ನೂ ಬರೆದೆ. ವಸ್ತು ಮಣ್ಣಿನಲ್ಲಿ ಒಡೆದು ಏನಾಗುತ್ತದೆ ಎಂಬುದಕ್ಕೂ ಒಂದು ಸಾಲು ಇಟ್ಟೆ, ಏಕೆಂದರೆ ಎಂಡೋಸಲ್ಫಾನ್ ಉತ್ಕರ್ಷಣಗೊಂಡು ಆಗುವ ಎಂಡೋಸಲ್ಫಾನ್ ಸಲ್ಫೇಟ್ ಮೂಲವಸ್ತುವಿಗಿಂತ ಹೆಚ್ಚು ಕಾಲ ಉಳಿಯುತ್ತದೆ, ಅದಕ್ಕೆ ಸಮನಾದ ವಿಷವೂ ಆಗಿದೆ. ಕೊಳೆಯುವಿಕೆಯ ಅಂದಾಜಿಗೆ ಎಪಿ ಸೂಟಿನಲ್ಲಿರುವ ಬಯೋವಿನ್ ಎಂಬ ಮಾದರಿ ಸಾಕಾಯಿತು. ಆರು ಕ್ಲೋರಿನ್‌ಗಳಿರುವ ಅಣು ಬೇಗ ಕೊಳೆಯುವುದಿಲ್ಲವೆಂದು ಹೇಳಲು ಅದಕ್ಕೆ ಕಷ್ಟವೇನಾಗಲಿಲ್ಲ.

ಆರೋಗ್ಯದ ಭಾಗದಲ್ಲಿ ಔಷಧ ಕಲ್ಮಶಗಳಿಗೆ ಅನ್ವಯಿಸುವ ಐಸಿಎಚ್ ಎಂ7 ಮಾರ್ಗಸೂಚಿಯ ಪದ್ಧತಿಯನ್ನು ಎರವಲು ಪಡೆದೆ. ಡಿಎನ್ಎಗೆ ಹಾನಿಯಾಗುವ ಸಾಧ್ಯತೆಯನ್ನು ತಜ್ಞರ ನಿಯಮಗಳನ್ನು ಆಧರಿಸಿದ ಒಂದು ಮಾದರಿಯಿಂದಲೂ ಅಂಕಿಅಂಶಗಳನ್ನು ಆಧರಿಸಿದ ಇನ್ನೊಂದರಿಂದಲೂ ನೋಡಬೇಕೆಂದು ಅದು ಹೇಳುತ್ತದೆ. ಎರಡರ ಉತ್ತರ ಬೇರೆಯಾದಾಗ, ಮುಖ್ಯವಾಗಿ ಆರೊಮ್ಯಾಟಿಕ್ ಅಮೈನುಗಳಲ್ಲಿ, ನಾನು ಹತ್ತಿರದ ಅಣುಗಳ ನಿಜವಾದ ಏಮ್ಸ್ ಪರೀಕ್ಷೆಯ ಫಲಿತಾಂಶಗಳನ್ನು ಹುಡುಕಿ ತೀರ್ಮಾನಿಸಿದೆ. ಆದರೆ ಏಮ್ಸ್ ಪರೀಕ್ಷೆ ಬ್ಯಾಕ್ಟೀರಿಯಾದ ಡಿಎನ್ಎಯನ್ನಷ್ಟೇ ವಿಚಾರಿಸುತ್ತದೆ. ಎಂಡೋಸಲ್ಫಾನ್ ನರಗಳ ಉದ್ರೇಕವನ್ನು ತಗ್ಗಿಸುವ, ನರಕೋಶದ ಗಾಬಾ ಗ್ರಾಹಿಯನ್ನು ತಡೆದು ಸೆಳವು ತರುತ್ತದೆ, ಬ್ಯಾಕ್ಟೀರಿಯಾಕ್ಕೆ ನರವೇ ಇಲ್ಲ. ಆದ್ದರಿಂದ ಆ ಅಂಕಣದ ತಲೆಬರಹವನ್ನು "ಸುರಕ್ಷಿತ" ಎಂಬುದರಿಂದ "ಡಿಎನ್ಎ ಹಾನಿಯ ಸೂಚನೆ ಇಲ್ಲ" ಎಂದು ಬದಲಿಸಿದೆ. ಕಾರ್ಖಾನೆಯ ವ್ಯವಸ್ಥಾಪಕರಿಗೆ ಇದು ಅಷ್ಟೇನೂ ಹಿಡಿಸಲಿಲ್ಲ. ಹೌದು ಅಥವಾ ಅಲ್ಲ ಎಂಬ ಒಂದೇ ಅಂಕಣ ಅವರಿಗೆ ಬೇಕಾಗಿತ್ತು.

ಮೊದಲ ಸುತ್ತಿನಲ್ಲಿ ಚಿಂತೆಯಿಲ್ಲವೆಂದು ಬದಿಗಿಟ್ಟಿದ್ದ ಐದು ವಸ್ತುಗಳು ಲಾಗ್ ಕೆಒಎಯ ಕಾರಣದಿಂದ ಎರಡನೆಯ ಸುತ್ತಿನಲ್ಲಿ ಮೇಲಕ್ಕೆ ಬಂದವು. ಅವುಗಳಲ್ಲಿ ಮೂರನ್ನು ಸಸ್ತನಿಗಳ ದೇಹ ಬೇಗ ಒಡೆಯುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರ ದೊರೆತು ಪಟ್ಟಿಯಿಂದ ಕೈಬಿಟ್ಟೆ. ಉಳಿದೆರಡನ್ನು ಮಾಪನಕ್ಕೆ ಕಳುಹಿಸಬೇಕೆಂದು ಬರೆದು ಕೊಟ್ಟೆ.