ಐದು ಗುಂಡಿನ ಗ್ರೂಪ್ ನಂಬಿ ಪೆಲೆಟ್ ಕೊಳ್ಳಬೇಡಿ

ನನ್ನ ಹಳೆಯ ವಾಲ್ಥರ್ ಎಲ್‌ಜಿ400 ಏರ್ ರೈಫಲ್‌ಗೆ ಕೊನೆಗೂ ಸರಿಯಾದ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಸಿಕ್ಕಿದೆ. ಡಬ್ಬಿಗೆ ಸುಮಾರು ಒಂಬೈನೂರು ರೂಪಾಯಿ. ಮೊದಲು ಹೊಡೆಯುತ್ತಿದ್ದುದು ಹೆಚ್ಚುಕಡಿಮೆ ಅದರ ಎರಡರಷ್ಟು ಬೆಲೆಯದ್ದು. "ಪೆಲೆಟ್ ಬದಲಾಯಿಸಿದ್ರೆ ಏನೂ ಆಗಲ್ಲ, ಮೊದ್ಲು ಹೋಲ್ಡ್ ಸರಿ ಮಾಡ್ಕೊ" ಅಂತ ರೇಂಜ್‌ನಲ್ಲಿ ಎಲ್ಲರೂ ಹೇಳಿದ್ದರು. ಹೋಲ್ಡ್, ಅಂದರೆ ರೈಫಲ್ ಅಲುಗದ ಹಾಗೆ ಹಿಡಿಯುವುದು, ಮುಖ್ಯ, ಒಪ್ಪುತ್ತೇನೆ. ಆದರೆ ಕ್ಲಾಂಪ್‌ನಲ್ಲಿ ಬಿಗಿದು ಹೊಡೆದಾಗಲೂ ಗ್ರೂಪ್ (ಕಾರ್ಡ್ ಮೇಲೆ ಬಿದ್ದ ತೂತುಗಳ ಗುಂಪು) ಅಗಲವಾಗುತ್ತಿದ್ದರೆ ಅದಕ್ಕೆ ಕಾರಣ ನನ್ನ ಭುಜ ಅಲ್ಲ, ಅಲ್ವಾ?

ಅಂಕವನ್ನು ದಶಾಂಶದಲ್ಲಿ ಎಣಿಸುವ ಡೆಸಿಮಲ್ ಲೆಕ್ಕದಲ್ಲಿ, ಗುಂಡು ನಡುವಿನಿಂದ ಸರಿದ ಪ್ರತಿ 0.25 ಮಿ.ಮೀ.ಗೆ 0.1 ಅಂಕ ಹೋಗುತ್ತದೆ. ಪ್ಯಾರಿಸ್ 2024 ಒಲಿಂಪಿಕ್ಸ್‌ನ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ನಮ್ಮ ಅರ್ಜುನ್ ಬಬೂತಾ 630.1 ಹೊಡೆದು 7ನೆಯವರಾಗಿ ಫೈನಲ್‌ಗೆ ಹೋದರು. ಸಂದೀಪ್ ಸಿಂಗ್ 629.3 ಹೊಡೆದು 12ನೆಯವರಾಗಿ ಹೊರಗೆ ಉಳಿದರು. ಅರವತ್ತು ಗುಂಡಿನಲ್ಲಿ 0.8 ಅಂತರ! ನಮ್ಮ ಮಟ್ಟ ಬೇರೆ, ನಿಜ. ಆದರೂ ಪೆಲೆಟ್ ತಿನ್ನುವ ಅಂಕವನ್ನು ಸುಮ್ನೆ ಬಿಟ್ಟುಕೊಡುವುದು ಯಾಕೆ?

ಪೆಲೆಟ್‌ಗಿಂತ ಜಾಸ್ತಿ ಕಾಡಿದ್ದು ಕ್ಲಾಂಪ್. ಮೊದಲು ಮರದ ಟೇಬಲ್ ಮೇಲೆ ಬೆಂಚ್ ವೈಸ್ ಕೂರಿಸಿದೆ. ಒಂದೇ ಡಬ್ಬಿಯ ಪೆಲೆಟ್ ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಬೀಳುತ್ತಿತ್ತು, ಟೇಬಲ್ಲೇ ಅಲುಗುತ್ತಿತ್ತು. ಆಮೇಲೆ ಶಿವಮೊಗ್ಗದ ಒಂದು ವೆಲ್ಡಿಂಗ್ ಶಾಪ್‌ನಲ್ಲಿ ಕಬ್ಬಿಣದ ಆಂಗಲ್‌ನಿಂದ ಸ್ಟ್ಯಾಂಡ್ ಮಾಡಿಸಿದೆ, ನಾಲ್ಕು ಸಾವಿರ ಚಿಲ್ಲರೆ ಆಯ್ತು. ಅದು ಹಗುರವಾಗಿತ್ತು, ಟ್ರಿಗರ್ ಒತ್ತಿದರೆ ಝುಂ ಅನ್ನುತ್ತಿತ್ತು, ಹಾಗಾಗಿ ಅದೂ ಮೂಲೆ ಸೇರಿತು. ಮೂರನೆಯದು ದಪ್ಪ ಉಕ್ಕಿನ (ಎಂಎಸ್) ಪ್ಲೇಟ್, ಕೆಳಗೆ ಕಾಂಕ್ರೀಟ್ ದಿಂಡು, ನೆಲಕ್ಕೆ ಆಂಕರ್ ಬೋಲ್ಟ್. ಇದಕ್ಕೆ ಏಳೆಂಟು ಸಾವಿರ ಹೋಯಿತು, ಆದರೆ ಇವತ್ತಿಗೂ ಕದಲಿಲ್ಲ. ಭುಜಕ್ಕೆ ಒತ್ತುವ ಸ್ಟಾಕ್ ಬಿಚ್ಚಿ, ಗುಂಡು ಹಾರಿಸುವ ಯಂತ್ರಭಾಗ ಅಂದರೆ ಆಕ್ಷನ್ ಮಾತ್ರ ಕ್ಲಾಂಪ್‌ನಲ್ಲಿ ಹಿಡಿಯುತ್ತೇನೆ. ಗಾಳಿಯ ಸಿಲಿಂಡರ್‌ಗೆ ಯಾವತ್ತೂ ಕ್ಲಾಂಪ್ ಹಾಕಬೇಡಿ, ಒಳಗೆ 200 ಬಾರ್ ಒತ್ತಡ ಇರುತ್ತದೆ. ಟ್ರಿಗರ್‌ಗೆ ಸೈಕಲ್ ಬ್ರೇಕ್ ಕೇಬಲ್ ಕಟ್ಟಿದ್ದೇನೆ, ಕೈ ಮುಟ್ಟುವುದೇ ಇಲ್ಲ. ಕ್ಲಾಂಪ್‌ಗೂ ಆಕ್ಷನ್‌ಗೂ ನಡುವೆ ಏನು ಇಟ್ಟಿದ್ದೇನೆ ಅನ್ನುವುದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದನ್ನು ಕಂಡುಕೊಳ್ಳಲು ಒಂದು ಇಡೀ ಮಳೆಗಾಲ ಹೋಗಿದೆ.

ಜಾಗ ಸ್ನೇಹಿತರ ಅಡಿಕೆ ಗೋದಾಮು. ಮಳೆಗಾಲದಲ್ಲಿ ಖಾಲಿ ಇರುತ್ತದೆ, ಗಾಳಿ ಆಡುವುದಿಲ್ಲ, ಹತ್ತು ಮೀಟರ್ ಆರಾಮಾಗಿ ಸಿಗುತ್ತದೆ. ಸೀಸದ ಚೂರು ಒಂದೂ ನೆಲಕ್ಕೆ ಬೀಳದ ಹಾಗೆ ಗುಂಡು ಹಿಡಿಯುವ ಮುಚ್ಚಿದ ಟ್ರ್ಯಾಪ್ ಇಟ್ಟಿದ್ದೇನೆ. ಅಲ್ಲಿ ಇಡುವುದು ತಿನ್ನುವ ಸಾಮಾನು, ಆ ಎಚ್ಚರ ಬೇಕೇ ಬೇಕು.

ಈಗ ಮುಖ್ಯ ವಿಷಯ. ನಾವೆಲ್ಲ ಮಾಡುವುದು ಏನು? ಒಂದು ಡಬ್ಬಿಯಿಂದ ಐದು ಗುಂಡು, ಇನ್ನೊಂದರಿಂದ ಐದು, ಚಿಕ್ಕ ತೂತು ಬಂದ ಡಬ್ಬಿ ಗೆದ್ದಿತು. ನಾನು ಒಂದೇ ಡಬ್ಬಿಯಿಂದ ಐದೈದರ ಗ್ರೂಪ್ ಸಾಲಾಗಿ ಹೊಡೆದು ನೋಡಿದೆ. ಒಂದು ಗ್ರೂಪ್ ಹೊರ ಅಂಚಿನಿಂದ ಹೊರ ಅಂಚಿಗೆ 5.6 ಮಿ.ಮೀ., ಅದರ ಪಕ್ಕದ್ದೇ 7.5 ಹತ್ತಿರ. ಅದೇ ಪೆಲೆಟ್, ಅದೇ ಕ್ಲಾಂಪ್! ಇದನ್ನು ನಂಬಿ ಡಬ್ಬಿಗಟ್ಟಲೆ ಕೊಳ್ಳುವುದು ಹೇಗೆ?

ಹಾಗಾಗಿ ನಾನು ಅದಲುಬದಲು ಹೊಡೆಯಲು ಶುರು ಮಾಡಿದೆ. ಎ ಡಬ್ಬಿಯಿಂದ ಒಂದು, ಬಿ ಡಬ್ಬಿಯಿಂದ ಒಂದು, ಮತ್ತೆ ಎ, ಮತ್ತೆ ಬಿ, ಹೀಗೆ ಪ್ರತಿಯೊಂದಕ್ಕೂ ಮೂವತ್ತು ಗುಂಡು ಆಗುವವರೆಗೆ. ರೈಫಲ್ ಕದಲುವುದಿಲ್ಲ, ಕದಲುವುದು ಕಾರ್ಡ್. ಅಡುಗೆಮನೆಯ ಡ್ರಾಯರ್‌ಗೆ ಹಾಕುವ ಚಾನೆಲ್ ತಂದು, ಎರಡೂ ತುದಿಗೆ ಸ್ಟಾಪರ್ ಕೊಟ್ಟು, ಅದರ ಮೇಲೆ ಎರಡು ಕಾರ್ಡ್ ಕೂರಿಸಿದೆ. ಎಳೆದರೆ ಎ, ತಳ್ಳಿದರೆ ಬಿ. ಸಿಲಿಂಡರ್ ಪ್ರೆಶರ್ ಇಳಿದರೂ, ಗೋದಾಮು ಬಿಸಿಯಾದರೂ, ಏಟು ಎರಡಕ್ಕೂ ಸಮವಾಗಿ ಬೀಳುತ್ತದೆ.

"ಬ್ಯಾರೆಲ್ ಒಂದು ಪೆಲೆಟ್‌ಗೆ ಹೊಂದಿಕೊಳ್ಳಬೇಕು, ಬೆರೆಸಿ ಹೊಡೆದ್ರೆ ಎರಡೂ ಕೆಡುತ್ತೆ" ಅಂತ ಹಿರಿಯ ಶೂಟರ್ ಒಬ್ಬರು ಖಡಾಖಂಡಿತವಾಗಿ ಹೇಳಿದ್ದರು. ಅವರ ಮಾತನ್ನೂ ಪರೀಕ್ಷೆಗೆ ಹಾಕಿದೆ. ಅದೇ ಡಬ್ಬಿಗಳನ್ನು ಒಂದೊಂದಾಗಿ, ಇಪ್ಪತ್ತು ಗುಂಡು ಬ್ಯಾರೆಲ್ ಒಗ್ಗಿಸಲು, ಆಮೇಲೆ ಮೂವತ್ತು ಲೆಕ್ಕಕ್ಕೆ ಅಂತ ಹೊಡೆದೆ. ಎಲ್ಲ ಡಬ್ಬಿಗಳ ಪಟ್ಟಿಯಲ್ಲಿ ನಡುವಿನ ಸ್ಥಾನಗಳು ಸ್ವಲ್ಪ ಹಿಂದೆಮುಂದೆ ಆದವು. ಮೊದಲ ಎರಡು, ಕೊನೆಯ ಎರಡು ಹಾಗೇ ಉಳಿದವು. ಈಗ ಅವರೇ ರೈಫಲ್ ತಂದು ನನ್ನ ಕ್ಲಾಂಪ್‌ನಲ್ಲಿ ಇಡುತ್ತಾರೆ.

ಆರ್‌ಡಬ್ಲ್ಯೂಎಸ್, ಎಚ್ ಅಂಡ್ ಎನ್, ಜೆಎಸ್‌ಬಿ ಮೂರೂ ಕಂಪನಿಗಳಲ್ಲಿ ಬೇರೆ ಬೇರೆ ಹೆಡ್ ಸೈಜ್ (ಪೆಲೆಟ್ ತಲೆಯ ಅಗಲ) ತರಿಸಿದ್ದೆ, 4.49ರಿಂದ 4.51 ಮಿ.ಮೀ.ವರೆಗೆ. ಗೆದ್ದ ಡಬ್ಬಿಯ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಅದನ್ನೇ ಕೊಳ್ಳುತ್ತೀರಿ, ನಿಮ್ಮ ಬ್ಯಾರೆಲ್‌ಗೆ ಅದು ಆಗದೇ ಇರಬಹುದು. ಮೂವತ್ತು ಗುಂಡಿಗೆ ಅದು 6 ಮಿ.ಮೀ. ಆಸುಪಾಸು ಕೊಟ್ಟಿತು, ನನ್ನ ಹಳೆಯ ದುಬಾರಿ ಡಬ್ಬಿ 7.5 ದಾಟಿತು. ಹೆಡ್ ಸೈಜ್‌ಗಿಂತ ಲಾಟ್ (ಒಟ್ಟಿಗೆ ತಯಾರಾದ ಕಂತು) ಮುಖ್ಯ ಅನ್ನುವುದೂ ಆಗಲೇ ಗೊತ್ತಾಯಿತು. ಒಂದೇ ಹೆಸರು, ಒಂದೇ 4.50, ಲಾಟ್ ನಂಬರ್ ಮಾತ್ರ ಬೇರೆ, ಗ್ರೂಪ್ ಒಂದು ಮಿ.ಮೀ.ಗಿಂತ ಜಾಸ್ತಿ ಅಗಲವಾಯಿತು. ಒಂದು ಅಂಗಡಿಯವರು ಕೇಳಿದ ಲಾಟ್ ಅಂತ ಹೇಳಿ ಬೇರೆಯದನ್ನು ಕಳಿಸಿದ್ದರು. ವಾಪಸ್ ತೆಗೆದುಕೊಳ್ಳಲಿಲ್ಲ, ಸುಮಾರು ಐದು ಸಾವಿರ ಹೋಯಿತು. ಈಗ ದುಡ್ಡು ಹಾಕುವ ಮೊದಲೇ ಲೇಬಲ್ ಫೋಟೋ ತರಿಸಿಕೊಳ್ಳುತ್ತೇನೆ.

ತೂಕದ ಹುಚ್ಚೂ ಹಿಡಿದಿತ್ತು. ಚಿನ್ನ ತೂಗುವಂಥ ಚಿಕ್ಕ ತಕ್ಕಡಿ ತಂದು 0.53 ಗ್ರಾಂ ಪೆಲೆಟ್‌ಗಳನ್ನು ಒಂದೊಂದಾಗಿ ತೂಗಿ ಬೇರೆ ಮಾಡಿದೆ. ಒಳ್ಳೆ ಲಾಟ್‌ನಲ್ಲಿ ತೂಗಿದ್ದಕ್ಕೂ ತೂಗದ್ದಕ್ಕೂ ಕಾರ್ಡ್ ಮೇಲೆ ವ್ಯತ್ಯಾಸ ಕಾಣಲಿಲ್ಲ. ಹಾಳು ಲಾಟ್ ತೂಗಿದರೂ ಹಾಳೇ. ವೇಗದ ವಿಷಯ ಹಾಗಲ್ಲ. ಸೆಕೆಂಡಿಗೆ 170 ಮೀಟರ್ ಓಡುವ ಪೆಲೆಟ್ 5 ಮೀಟರ್ ನಿಧಾನವಾದರೆ ಕಾರ್ಡ್ ಮೇಲೆ ಸುಮಾರು 1 ಮಿ.ಮೀ. ಕೆಳಗೆ ಬೀಳುತ್ತದೆ. ಅದಕ್ಕೇ ಗ್ರೂಪ್ ಮೇಲೆ ಕೆಳಗೆ ಉದ್ದವಾಗಿ ಬಂದರೆ ನಾನು ಪೆಲೆಟ್ ಬಿಟ್ಟು ಮೊದಲು ಗಾಳಿಯ ಒತ್ತಡ ಸಮವಾಗಿಡುವ ರೆಗ್ಯುಲೇಟರ್ ನೋಡುತ್ತೇನೆ. ಪೆಲೆಟ್ ತೊಳೆದು ಒಣಗಿಸಿಯೂ ನೋಡಿದೆ, ನಮ್ಮ ಮಲೆನಾಡಿನ ಥಂಡಿಗೆ ಕೆಲವೇ ವಾರದಲ್ಲಿ ಬಿಳಿ ಪುಡಿ ಹಿಡಿಯಿತು. ತೊಳೆದ ಮೇಲೆ ಏನು ಹಚ್ಚಬೇಕು ಅಂತ ಈಗ ಗೊತ್ತಾಗಿದೆ, ಅದನ್ನು ಇನ್ನೊಂದು ಸೀಸನ್ ನೋಡಿ ಹೇಳುತ್ತೇನೆ.

ಕ್ಲಾಂಪ್, ಡಬ್ಬಿಗಳು, ತಕ್ಕಡಿ ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಆಗಿದೆ. ನಾನು ವರ್ಷಕ್ಕೆ ಇಪ್ಪತ್ತೈದು ಡಬ್ಬಿ ಹೊಡೆಯುತ್ತೇನೆ, ಡಬ್ಬಿಗೆ ಎಂಟೊಂಬೈನೂರು ಉಳಿಯುತ್ತದೆ, ಒಂದೂವರೆ ವರ್ಷದೊಳಗೆ ದುಡ್ಡು ವಾಪಸ್. ಪ್ರಾಕ್ಟೀಸ್ ಸರಾಸರಿ 618ರಿಂದ 621ಕ್ಕೆ ಬಂದಿದೆ, ಹೋಲ್ಡ್ ಹಳೆಯದೇ. ಗೆದ್ದ ಲಾಟ್ ಅಂಗಡಿಯಲ್ಲಿ ಇದ್ದಷ್ಟನ್ನೂ ಎತ್ತಿಕೊಂಡು ಬಂದು ಗಾಳಿ ಹೋಗದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟಿದ್ದೇನೆ. ಶಿವಮೊಗ್ಗ ಕಡೆಯವರು ಅಡಿಕೆ ಬರುವುದರೊಳಗೆ ರೈಫಲ್ ತನ್ನಿ, ಕ್ಲಾಂಪ್ ಕೊಡುತ್ತೇನೆ. ಪೆಲೆಟ್ ನಿಮ್ಮದೇ, ಪ್ರತಿ ಲಾಟ್‌ನಿಂದ ಕನಿಷ್ಠ ಐವತ್ತು ಇರಲಿ.